ತರಕಾರಿ ಚೀಲ ಇನ್ನು ಹದಿನೈದು ದಿನಕ್ಕೊಮ್ಮೆ

ಪ್ರೀತಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಿಮ್ಮ ತರಕಾರಿ ಚೀಲ ವಾರಕ್ಕೊಮ್ಮೆ ಬರುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಚೀಲದ ಬೆಲೆ ಈಗಿನಷ್ಟೇ. ವರ್ಷದ ದುಡ್ಡು ಮೊದಲೇ ಕಟ್ಟಿದವರಿಗೆ ಉಳಿಕೆ ಹಣ ವಾಪಸ್ ಕಳಿಸುತ್ತೇವೆ. ಕಾರಣ ಹೇಳದೆ ಸುಮ್ನೆ ಕಡಿಮೆ ಮಾಡುವುದು ಸರಿಯಲ್ಲ ಅಲ್ವಾ, ಅದಕ್ಕೆ ಈ ಪತ್ರ.

ಬೀನ್ಸ್, ಎಲೆಕೋಸು ಬೆಳೆಯುತ್ತಿದ್ದ ಎರಡು ಎಕರೆಯನ್ನು ಐದು ಕುಟುಂಬಗಳಿಗೆ ಬಿಟ್ಟುಕೊಟ್ಟಿದ್ದೇವೆ. ಅವರು ಜೇನುಕುರುಬರು, ಯರವರು, ಅಂದರೆ ಕಾಡಿನ ಆದಿವಾಸಿಗಳು. ಕೊಡಗಿನ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ, ಹುಟ್ಟಿ ಬೆಳೆದವರು. ಕಾಫಿ ತೋಟದಲ್ಲಿ ಕೆಲಸ ಇರುವ ತನಕ ಲೈನ್ ಮನೆ. ಮೈಯಲ್ಲಿ ಕಸುವು ಇಲ್ಲದಾದರೆ ಕೆಲಸವೂ ಇಲ್ಲ, ಸೂರೂ ಇಲ್ಲ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದ್ದು ನಿಮಗೆ ನೆನಪಿರಬಹುದು. ಅಲ್ಲಿದ್ದವರಲ್ಲಿ ಬಹಳ ಜನ ಹೀಗೆ ಲೈನ್ ಬಿಟ್ಟು ಬಂದವರೇ. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಮನೆ ಕಟ್ಟಿಕೊಟ್ಟರು. ಒಳ್ಳೆಯದೇ ಆಯಿತು. ಆದರೆ ಸಿಕ್ಕಿದ್ದು ಸೈಟು, ಹೊಲವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಉಳುವ ಜಮೀನು ಕೇಳಬೇಕಾದರೆ 2005ರ ಡಿಸೆಂಬರ್ 13ಕ್ಕೆ ಮೊದಲೇ ಅದು ಕೈಯಲ್ಲಿತ್ತು ಅಂತ ತೋರಿಸಬೇಕು. ಅಷ್ಟೊತ್ತಿಗಾಗಲೇ ಕಾಡು ಬಿಟ್ಟು ಲೈನ್ ಸೇರಿದ್ದವರು ಏನು ತೋರಿಸಬೇಕು?

ಶುರುವಿನಲ್ಲಿ ನಾವೂ ತಪ್ಪು ಮಾಡಿದೆವು. ಬಂದವರನ್ನು ಬೀನ್ಸ್ ಪಾತಿಗೆ ಕೂಲಿಗೆ ಹಚ್ಚಿದೆವು. ಅದು ಇನ್ನೊಂದು ಲೈನ್ ಮನೆಯೇ ಆಯಿತು.

ಅವರಲ್ಲಿ ಒಬ್ಬರು ಅಜ್ಜಿ. ಇಲ್ಲಿಗೆ ಬರುವ ಮೊದಲು ಎಷ್ಟೋ ತಿಂಗಳು ಬಸ್ ತಂಗುದಾಣದಲ್ಲಿ ಮಲಗಿದ್ದವರು. ಬಂದ ಮೇಲೂ ಜಗಲಿಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಮಾತಿಲ್ಲ. ಒಂದು ಬೆಳಿಗ್ಗೆ ಬೇಲಿ ಪಕ್ಕ ಒಣಗಿದ ಕಾಡುಗೆಣಸಿನ ಬಳ್ಳಿ ಕಂಡಿತು. ಹಾರೆ ಕೇಳಿದರು. ಮೊಣಕೈ ಆಳ ಅಗೆದು ಗೆಣಸು ತೆಗೆದರು. ಬಳ್ಳಿಗೆ ಅಂಟಿದ್ದ ತಲೆಭಾಗವನ್ನು ಮುರಿದು ಮತ್ತೆ ಗುಂಡಿಯೊಳಗೆ ಇಟ್ಟರು. ಮಣ್ಣು ಎಳೆದು ಹಿಮ್ಮಡಿಯಲ್ಲಿ ಒತ್ತಿದರು. "ಮುಂದಿನ ವರ್ಷಕ್ಕೆ" ಅಂದರು. ಅವರ ಬಾಯಲ್ಲಿ ಮುಂದಿನ ವರ್ಷದ ಮಾತು ನಾವು ಕೇಳಿದ್ದು ಅದೇ ಮೊದಲು. ಅವತ್ತು ಸಂಜೆಯೇ ಸಭೆ ಕೂತು ಎರಡು ಎಕರೆ ಬಿಡಲು ತೀರ್ಮಾನ ಮಾಡಿದೆವು.

ಈಗ ಏನು ಬಿತ್ತಬೇಕು, ಯಾವಾಗ ಕೆಲಸ, ಯಾವಾಗ ಬಿಡುವು, ಎಲ್ಲ ಅವರದೇ. ರಾಗಿ, ಅವರೆ, ಕೆಸು, ಕುಂಬಳ ಹಾಕಿದ್ದಾರೆ. ಮೊದಲು ಅವರ ಮನೆಯವರು ಉಣ್ಣುತ್ತಾರೆ, ಜಾಸ್ತಿ ಆದದ್ದು ನಿಮ್ಮ ಚೀಲಕ್ಕೆ. ಕೆಲವು ಸಲ ಬರೀ ಕೆಸುವಿನೆಲೆ, ಕುಂಬಳವೇ ಬರಬಹುದು. ಗೆಣಸು ಮಾತ್ರ ಮಾರುವುದಿಲ್ಲ.

ಬಂದು ನೋಡಬೇಕು ಅಂತ ಕೆಲವರು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಅವರೇ ಕರೆದ ದಿನ ತಿಳಿಸುತ್ತೇವೆ.

ನಿಮ್ಮ,
ಸಂಘದ ಸದಸ್ಯರು