ಹೋಗನ್ ಸ್ವಿಂಗಿಗೆ ಡಿಗ್ರಿ ಹಚ್ಚುವ ಮೊದಲು

ಮಾನ್ಯ ಸಂಪಾದಕರೇ,

ಹಳೆಯ ಗಾಲ್ಫ್ ದಿಗ್ಗಜರ ಸ್ವಿಂಗಿನ, ಅಂದರೆ ಗಾಲ್ಫ್ ಕೋಲು (ಕ್ಲಬ್) ಬೀಸುವ ರೀತಿಯ, ಗುಟ್ಟನ್ನು ಆಧುನಿಕ ವಿಜ್ಞಾನ ಪೂರ್ತಿ ಬಿಡಿಸಿಟ್ಟಿದೆ ಎಂಬ ಧಾಟಿಯ ಬರಹವೊಂದು ನಿಮ್ಮ ಕ್ರೀಡಾ ಪುಟದಲ್ಲಿ ಬಂದಿತ್ತು. ಹೊಡೆತ ಅಭ್ಯಾಸ ಮಾಡುವ ಬೆಂಗಳೂರಿನ ಡ್ರೈವಿಂಗ್ ರೇಂಜ್‌ಗಳಲ್ಲೂ ಈಗ ಇದೇ ಮಾತು. ಮೊಬೈಲಿನಲ್ಲಿ ಸ್ವಿಂಗ್ ಚಿತ್ರೀಕರಿಸಿದರೆ ಸಾಕು, ಆಪ್ ಅದನ್ನು ಬೆನ್ ಹೋಗನ್ ಅಥವಾ ಸ್ಯಾಮ್ ಸ್ನೀಡ್ ಅವರ ಹಳೆಯ ಫಿಲ್ಮಿನ ಪಕ್ಕಕ್ಕಿಟ್ಟು ಮಣಿಕಟ್ಟು ಇಷ್ಟು ಡಿಗ್ರಿ, ಸೊಂಟ ಇಷ್ಟು ಡಿಗ್ರಿ, ಒಟ್ಟು ಹೋಲಿಕೆ ಶೇಕಡಾ ಇಷ್ಟು ಎಂದು ಹೇಳಿಬಿಡುತ್ತದೆ. ಒಂದು ಸ್ವಿಂಗ್ ಯಾಕೆ ಕೆಲಸ ಮಾಡುತ್ತದೆ ಎಂಬುದನ್ನು ವಿಜ್ಞಾನ ಚೆನ್ನಾಗಿಯೇ ವಿವರಿಸುತ್ತದೆ, ತಕರಾರಿಲ್ಲ. ಆದರೆ ಹೋಗನ್ ಅದನ್ನು ಮಾಡಿದ್ದು ಹೇಗೆ ಎಂದು ಹಳೆಯ ಫಿಲ್ಮಿನಿಂದ ಹೊರತೆಗೆಯುವುದು ಬೇರೆಯೇ ಕೆಲಸ. ಆಪ್ ಕೊಡುವ ಎಷ್ಟೋ ಸಂಖ್ಯೆಗಳು ಆ ಫಿಲ್ಮಿನಲ್ಲಿ ಇಲ್ಲವೇ ಇಲ್ಲ.

ಮೊದಲು ಗೊತ್ತಿರುವ ಸಂಗತಿ. 1968ರಲ್ಲಿ ಬ್ರಿಟನ್ನಿನ ಅಲಾಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಸ್ವಿಂಗನ್ನು ಜೋಡಿ ಲೋಲಕದ ಮಾದರಿಯಲ್ಲಿ ಜನರ ಮುಂದಿಟ್ಟರು. ಭುಜದಿಂದ ಕೈವರೆಗೆ ಒಂದು ಲೋಲಕ, ಮಣಿಕಟ್ಟಿನಿಂದ ಕ್ಲಬ್‌ಹೆಡ್‌ವರೆಗೆ ಇನ್ನೊಂದು. ಕ್ಲಬ್ ಮೇಲಿನಿಂದ ಚೆಂಡಿನತ್ತ ಇಳಿಯುವ ಡೌನ್‌ಸ್ವಿಂಗಿನ ಮೊದಲರ್ಧದಲ್ಲಿ ಮಣಿಕಟ್ಟು ಮಡಿಚಿಯೇ ಇರುತ್ತದೆ. ಆಮೇಲೆ ಕ್ಲಬ್ ತಾನಾಗಿ ಹೊರಕ್ಕೆ ಬಿಚ್ಚಿಕೊಳ್ಳುತ್ತದೆ, ಅದೇ ಹೊತ್ತಿಗೆ ಕೈಗಳ ವೇಗ ತಗ್ಗಿ ಆ ಶಕ್ತಿ ಕ್ಲಬ್‌ಹೆಡ್‌ಗೆ ದಾಟುತ್ತದೆ. ಸುಮಾರು 200 ಗ್ರಾಂ ತೂಕದ ಕ್ಲಬ್‌ಹೆಡ್ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ 1.3 ಮೀಟರ್ ತ್ರಿಜ್ಯದ ಬಾಗಿನಲ್ಲಿ ಓಡುತ್ತಿದೆ ಎಂದುಕೊಳ್ಳಿ. ಅದನ್ನು ಆ ಬಾಗಿನಲ್ಲೇ ಹಿಡಿದಿಡಲು ಕೈಗಳು ಹೆಚ್ಚುಕಡಿಮೆ 40 ಕಿಲೋ ತೂಕದಷ್ಟು ಬಲದಿಂದ ಒಳಕ್ಕೆ ಎಳೆಯಬೇಕು. ಚೆಂಡಿಗೂ ಕ್ಲಬ್ಬಿಗೂ ಇರುವ ಸ್ಪರ್ಶ ಅರ್ಧ ಮಿಲಿಸೆಕೆಂಡಿನಷ್ಟು. 46 ಗ್ರಾಂ ಚೆಂಡು ಆ ಅವಧಿಯಲ್ಲಿ ಸೆಕೆಂಡಿಗೆ 70 ಮೀಟರ್ ವೇಗ ಪಡೆಯಬೇಕಾದರೆ ಸರಾಸರಿ ಬಲ 650 ಕಿಲೋ ತೂಕದ ಆಸುಪಾಸಿಗೆ ಬರುತ್ತದೆ. ಇಷ್ಟು ಕಡಿಮೆ ಹೊತ್ತಿನಲ್ಲಿ ಕೈ ಏನನ್ನೂ ತಿದ್ದಲಾರದು. 'ಚೆಂಡಿಗೆ ತಾಗುವ ಗಳಿಗೆಯಲ್ಲಿ ಬಲಗೈಯಿಂದ ಬಡಿ' ಎಂಬ ಹಳಬರ ಉಪದೇಶ ಅವರಿಗೆ ಆಗುತ್ತಿದ್ದ ಅನುಭವ ಮಾತ್ರ. ಅಳೆದು ನೋಡಿದರೆ ಒಳ್ಳೆಯ ಆಟಗಾರರಲ್ಲಿ ಬಹುತೇಕರ ಕೈಗಳು ಆ ಹೊತ್ತಿಗೆ ಕ್ಲಬ್ಬನ್ನು ತಳ್ಳುತ್ತಿರುವುದಿಲ್ಲ; ಅದರ ಓಟಕ್ಕೆ ತುಸು ತಡೆಯನ್ನೇ ಒಡ್ಡುತ್ತಿರುತ್ತವೆ.

ಹಳಬರ ಮಾತಿಗೂ ಅವರು ಮಾಡಿದ್ದಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಚೆಂಡಿನ ದಿಕ್ಕು. ಚೆಂಡು ಸ್ವಿಂಗಿನ ಹಾದಿಯಲ್ಲಿ ಹೊರಟು, ಆಮೇಲೆ ಕ್ಲಬ್‌ಫೇಸ್ (ಚೆಂಡಿಗೆ ತಾಗುವ ಮುಖ) ನೋಡುತ್ತಿದ್ದ ಕಡೆಗೆ ಬಾಗುತ್ತದೆ ಎಂದು ದಶಕಗಟ್ಟಲೆ ಕಲಿಸಿದರು. 2000ರ ದಶಕದಲ್ಲಿ ಬಂದ ಡಾಪ್ಲರ್ ರೇಡಾರ್ ಯಂತ್ರಗಳು ಇದನ್ನು ತಲೆಕೆಳಗು ಮಾಡಿದವು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ತೀರ್ಮಾನಿಸುವುದು ಫೇಸ್: ದೂರ ಹೊಡೆಯುವ ಡ್ರೈವರ್ ಎಂಬ ಕ್ಲಬ್ಬಿನಲ್ಲಿ ಸುಮಾರು ಶೇ 85, ಐರನ್ ಎಂಬ ಲೋಹದ ಕ್ಲಬ್‌ಗಳಲ್ಲಿ ಶೇ 75. ಹಳೆಯ ಪಾಠ ನಂಬಿ ಮರವೊಂದನ್ನು ಎಡಕ್ಕೆ ಬಳಸಿ ಫೇಡ್ (ಬಲಗೈ ಆಟಗಾರನಿಗೆ ಎಡದಿಂದ ಬಲಕ್ಕೆ ಬಾಗುವ ಹೊಡೆತ) ಹೊಡೆಯಹೊರಟವನು ಫೇಸನ್ನು ಧ್ವಜಕ್ಕೆ ನೇರ ಇಟ್ಟು, ಹಾದಿಯನ್ನಷ್ಟೇ ಮರದ ಎಡಕ್ಕೆ ತಿರುಗಿಸುತ್ತಾನೆ. ಚೆಂಡು ಹೆಚ್ಚುಕಡಿಮೆ ಫೇಸ್ ನೋಡಿದ ಕಡೆಗೇ ಹೊರಟು ಮರದ ಕಾಂಡಕ್ಕೆ ಬಡಿಯುತ್ತದೆ. ಅದೇ ಪಾಠ ಹೇಳುತ್ತಿದ್ದ ದಿಗ್ಗಜರ ಚೆಂಡು ಮಾತ್ರ ಮರ ದಾಟಿ ಹೋಗುತ್ತಿತ್ತು. ಬಾಯಲ್ಲಿ ಏನೇ ಹೇಳಲಿ, ಅವರ ಕೈ ಫೇಸನ್ನು ಬೇಕಾದಷ್ಟು ಎಡಕ್ಕೆ ತಿರುಗಿಸಿಕೊಳ್ಳುತ್ತಿತ್ತು.

ಉಪಕರಣವನ್ನು ಬಿಟ್ಟು ಸ್ವಿಂಗ್ ಮಾತ್ರ ನೋಡುವುದು ಇನ್ನೊಂದು ಎಡವಟ್ಟು. 1930ರಲ್ಲಿ ಬಾಬಿ ಜೋನ್ಸ್ ಒಂದೇ ವರ್ಷ ನಾಲ್ಕು ಪ್ರಮುಖ ಪ್ರಶಸ್ತಿ ಗೆದ್ದದ್ದು ಹಿಕರಿ ಮರದ ಶಾಫ್ಟ್ (ಕ್ಲಬ್ಬಿನ ಉದ್ದನೆಯ ದಂಡ) ಗಳಿಂದ. ಹಿಕರಿ ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ. ಕ್ಲಬ್‌ಹೆಡ್ಡಿನ ಗುರುತ್ವ ಕೇಂದ್ರ ಶಾಫ್ಟಿನ ಗೆರೆಯಿಂದ ಆಚೆಗಿರುವುದರಿಂದ ಮೇಲಿನಿಂದ ರಪ್ಪನೆ ಎಳೆದರೆ ಹೆಡ್ ಹಿಂದೆ ಬಿದ್ದು ಫೇಸ್ ತೆರೆದುಕೊಳ್ಳುತ್ತದೆ, ಅಂದರೆ ಬಲಕ್ಕೆ ತಿರುಗುತ್ತದೆ. ಜೋನ್ಸ್ ಅವರ ಸ್ವಿಂಗಿನ ಆ ಸಾವಧಾನದ ಆರಂಭ ಬರಿಯ ಸೊಗಸಲ್ಲ, ಮರ ಕೇಳುತ್ತಿದ್ದ ಬಾಡಿಗೆ ಅದು. ಉಕ್ಕಿನ ಶಾಫ್ಟ್ ಬಂದ ಮೇಲೆ ಬೈರನ್ ನೆಲ್ಸನ್ ಕಾಲುಗಳನ್ನು ಧಾರಾಳವಾಗಿ ಬಳಸಿ ಗಟ್ಟಿಯಾಗಿ ಹೊಡೆಯಬಲ್ಲವರಾದರು. 1945ರಲ್ಲಿ ಅವರು ಸತತ 11 ಪಂದ್ಯಾವಳಿ ಗೆದ್ದರು. ನಮ್ಮ ದೊಮ್ಮಲೂರಿನ ಕೆಜಿಎ (ಕರ್ನಾಟಕ ಗಾಲ್ಫ್ ಸಂಸ್ಥೆ) ಕೋರ್ಸನ್ನು ವಿನ್ಯಾಸಗೊಳಿಸಿದ ಪೀಟರ್ ಥಾಮ್ಸನ್ ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಕಾಲದಲ್ಲಿ ಅಲ್ಲಿ 1.62 ಇಂಚಿನ ಚಿಕ್ಕ ಚೆಂಡಿಗೆ ಅವಕಾಶವಿತ್ತು, 1.68 ಇಂಚಿನದು ಅಲ್ಲಿ ಕಡ್ಡಾಯವಾದದ್ದು 1974ರಲ್ಲಿ. ಗಾಳಿಯನ್ನು ಸೀಳಿಕೊಂಡು ತಗ್ಗಿನಲ್ಲಿ ಓಡುವ ಚೆಂಡಿಗೆ ಬೇಕಾದ ಸ್ವಿಂಗೇ ಬೇರೆ. (ಹಳಬರು ಹೊಡೆದ ದೂರದ ಜತೆ ತಮ್ಮ ದೂರವನ್ನು ಹೋಲಿಸಿ ಬೀಗುವವರಿಗೆ ಒಂದು ಮಾತು: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ತೆಳು. ಶೇ 3ರಿಂದ 4ರಷ್ಟು ದೂರ ನಮಗೆ ಪುಕ್ಕಟೆ.)

ನೆಲ್ಸನ್ ಹೆಸರಿನಲ್ಲೇ ಒಂದು ಯಂತ್ರವಿದೆ, 'ಐರನ್ ಬೈರನ್'. ಟ್ರೂ ಟೆಂಪರ್ ಕಂಪನಿ 1960ರ ದಶಕದಲ್ಲಿ ಅವರ ಸ್ವಿಂಗನ್ನು ಮಾದರಿಯಾಗಿಟ್ಟುಕೊಂಡು ಮಾಡಿಸಿದ್ದು. ಅಮೆರಿಕದ ಗಾಲ್ಫ್ ಸಂಸ್ಥೆ ಚೆಂಡುಗಳ ಪರೀಕ್ಷೆಗೆ ಬಳಸಿದ್ದು. ಒಂದು ತೋಳು, ಮಣಿಕಟ್ಟಿನ ಜಾಗದಲ್ಲಿ ಒಂದು ಕೀಲು, ಅಷ್ಟೇ. ಸೊಂಟವಿಲ್ಲ, ಮಂಡಿಯಿಲ್ಲ. ಆದರೂ ಚೆಂಡು ಒಂದೇ ಜಾಗಕ್ಕೆ ಹೋಗಿ ಬೀಳುತ್ತದೆ. ಚೆಂಡಿಗೆ ಏನು ಬೇಕು ಎಂಬುದು ಇಲ್ಲಿ ಸಂಪೂರ್ಣ ವಿವರಣೆಯಾಗಿದೆ. ನೆಲ್ಸನ್ ಮಂಡಿ ತಗ್ಗಿಸಿ ಅದನ್ನು ಒದಗಿಸಿದ್ದು ಹೇಗೆ ಎಂಬುದಕ್ಕೆ ಯಂತ್ರದಲ್ಲಿ ಉತ್ತರವಿಲ್ಲ.

ಈಗ ಫಿಲ್ಮಿನ ವಿಷಯ. ಸೆಕೆಂಡಿಗೆ 24 ಫ್ರೇಮ್ ಎಂದುಕೊಳ್ಳೋಣ. ಡೌನ್‌ಸ್ವಿಂಗಿಗೆ ಕಾಲು ಸೆಕೆಂಡ್ ಹಿಡಿಯುತ್ತದೆ, ಅಂದರೆ ಕೈಗೆ ಸಿಗುವುದು ಆರು ಚಿತ್ರ. ಚೆಂಡಿನ ಬಳಿ ಕ್ಲಬ್‌ಹೆಡ್ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಎರಡು ಮೀಟರ್ ದಾಟಿರುತ್ತದೆ. ಶಟರ್ 1/48 ಸೆಕೆಂಡ್ ತೆರೆದಿದ್ದರೆ ಒಂದೇ ಚಿತ್ರದಲ್ಲಿ ಒಂದು ಮೀಟರ್ ಉದ್ದದ ಮಸುಕು. 1930ರ ದಶಕದ ಕೊನೆಗೆ ಹೆರಾಲ್ಡ್ ಎಡ್ಜರ್ಟನ್ ಮಿಂಚುದೀಪಗಳಿಂದ ಜೋನ್ಸ್ ಮತ್ತು ಡೆನ್ಸ್‌ಮೋರ್ ಶೂಟ್ ಅವರ ಸ್ವಿಂಗನ್ನು ಒಂದೇ ಹಾಳೆಯ ಮೇಲೆ ಹತ್ತಾರು ಕ್ಷಣಗಳಾಗಿ ಹಿಡಿದದ್ದು ಹೌದು. ಅಂಥವು ಬೆರಳೆಣಿಕೆಯಷ್ಟು, ಅದೂ ಒಂದೇ ಕೋನದಿಂದ.

ಇಂಥ ಫಿಲ್ಮಿನಿಂದ ಬಲ ಲೆಕ್ಕ ಹಾಕುವುದರ ಪಾಡು ನೋಡಿ. 'ಸ್ನೀಡ್ ಸ್ಕ್ವಾಟ್' ಎಂದು ಪ್ರಸಿದ್ಧವಾದ ಭಂಗಿ ಇದೆ: ಡೌನ್‌ಸ್ವಿಂಗ್ ಶುರುವಾಗುವಾಗ ಸ್ನೀಡ್ ಮಂಡಿಗಳನ್ನು ಅಗಲಿಸಿ ತುಸು ಕುಕ್ಕರಿಸಿ, ಆಮೇಲೆ ನೆಲವನ್ನು ಒದ್ದು ಮೇಲೇಳುತ್ತಾರೆ. ಇಂದು ಪಾದದ ಒತ್ತಡ ಅಳೆಯುವ ಫೋರ್ಸ್ ಪ್ಲೇಟ್ ಮೇಲೆ ನಿಲ್ಲಿಸಿದ ಆಟಗಾರರಲ್ಲೂ ಇದೇ ಕ್ರಮ ಕಾಣುತ್ತದೆ: ಮೊದಲು ಪಾದದಡಿ ಭಾರ ಇಳಿಯುತ್ತದೆ, ಆಮೇಲೆ ದೇಹದ ತೂಕಕ್ಕಿಂತ ಹೆಚ್ಚಾಗಿ ಏರುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಸ್ನೀಡ್ ಎಷ್ಟು ಬಲದಿಂದ ಒದ್ದರು? ಅದಕ್ಕೆ ಸತತ ಮೂರು ಫ್ರೇಮುಗಳಲ್ಲಿ ಸೊಂಟದ ಎತ್ತರ ಗುರುತಿಸಿ ವೇಗೋತ್ಕರ್ಷ ತೆಗೆಯಬೇಕು. ನಡುವಿನ ಫ್ರೇಮಿನಲ್ಲಿ ಗುರುತು ಬರೀ ಒಂದು ಸೆಂಟಿಮೀಟರ್ ತಪ್ಪಿತೆನ್ನಿ. 0.01 ಮೀಟರನ್ನು ಎರಡರಿಂದ, ಆಮೇಲೆ 24ರ ವರ್ಗವಾದ 576ರಿಂದ ಗುಣಿಸಿ: 11.5 ಬಂತು. ಗುರುತ್ವಾಕರ್ಷಣೆಯೇ 9.8, ತಪ್ಪು ಅದಕ್ಕಿಂತ ದೊಡ್ಡದು! ದೊಗಳೆ ಪ್ಯಾಂಟಿನ ಒಳಗಿರುವ ಸೊಂಟದ ಕೀಲನ್ನು ಮಸುಕು ಚಿತ್ರದಲ್ಲಿ ಒಂದು ಸೆಂಟಿಮೀಟರ್ ನಿಖರತೆಯಲ್ಲಿ ಗುರುತಿಸುವವರು ಯಾರೂ ಇಲ್ಲ. ಗಣಿತದಿಂದ ಗೆರೆಯನ್ನು ನಯ ಮಾಡಬಹುದು, ಆಗ ತಪ್ಪಿನ ಜತೆಗೆ ನಿಜವಾದ ಶಿಖರವೂ ಕೆತ್ತಿಹೋಗುತ್ತದೆ.

ಕೈಗಳ ವಿಷಯದಲ್ಲಂತೂ ತೊಡಕು ಫಿಲ್ಮಿನದ್ದಷ್ಟೇ ಅಲ್ಲ. ಎರಡು ಕೈ, ಎರಡು ತೋಳು, ಭುಜ, ಕ್ಲಬ್ ಸೇರಿ ಮುಚ್ಚಿದ ಸರಪಳಿಯಾಗುತ್ತವೆ. ಕ್ಲಬ್ಬಿನ ಚಲನೆ ಗೊತ್ತಿದ್ದರೆ ಎರಡೂ ಕೈಗಳ ಒಟ್ಟು ಬಲ ಮತ್ತು ಒಟ್ಟು ತಿರುಗುಬಲ ಹೇಳಬಹುದು. ಎಡಗೈ ಪಾಲೆಷ್ಟು, ಬಲಗೈ ಪಾಲೆಷ್ಟು ಎಂದು ಸಮೀಕರಣ ಹೇಳುವುದಿಲ್ಲ. ಇಂದಿನ ಆಟಗಾರನಾದರೆ ಗ್ರಿಪ್ಪಿನೊಳಗೆ (ಕ್ಲಬ್ಬಿನ ಹಿಡಿಕೆಯೊಳಗೆ) ಸೆನ್ಸರ್ ಕೂರಿಸಿ ಅಳೆಯಬಹುದು. ಹೋಗನ್ ಅವರ ಗ್ರಿಪ್ಪಿಗೆ ಯಾರು ಕೂರಿಸಿದ್ದರು?

ಹೋಗನ್ ಎಂದರೂ ಯಾವ ಹೋಗನ್ ಎಂದು ಕೇಳಬೇಕಾಗುತ್ತದೆ. ಹುಕ್ (ಚೆಂಡು ಜೋರಾಗಿ ಎಡಕ್ಕೆ ಬಾಗುವುದು) ಕಾಟದಿಂದ ಒದ್ದಾಡಿದ ಮೊದಲ ವರ್ಷಗಳವರೇ? 1949ರ ಫೆಬ್ರುವರಿಯಲ್ಲಿ ಬಸ್ಸಿಗೆ ಕಾರು ಡಿಕ್ಕಿಯಾಗಿ ಸೊಂಟದ ಎಲುಬು, ಕೊರಳೆಲುಬು, ಕಾಲಿನ ಗಿಣ್ಣು ಮುರಿದುಕೊಂಡು, ಮರುವರ್ಷ ಮೆರಿಯನ್ ಕೋರ್ಸಿನಲ್ಲಿ ಅಮೆರಿಕನ್ ಓಪನ್ ಗೆದ್ದವರೇ? 1953ರಲ್ಲಿ ಒಂದೇ ವರ್ಷ ಮೂರು ಮೇಜರ್ (ಪ್ರಮುಖ ಪ್ರಶಸ್ತಿ) ಗೆದ್ದವರೇ? ಮೆರಿಯನ್‌ನ ಒನ್-ಐರನ್ ಕ್ಲಬ್ಬಿನಿಂದ ಹೊಡೆದ ಆ ಜಗತ್ಪ್ರಸಿದ್ಧ ಚಿತ್ರ ಇಟ್ಟುಕೊಂಡು ಉಪನ್ಯಾಸ ಕೊಡುವವರಿದ್ದಾರೆ. ಚೆಂಡು ಹೋದ ಮೇಲಿನ ಒಂದು ಭಂಗಿ ಅದು. 1955ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಹೋಗನ್ ತಮ್ಮ 'ಗುಟ್ಟು' ಬಿಚ್ಚಿಟ್ಟರು: ಎಡ ಹೆಬ್ಬೆರಳನ್ನು ಎಡಕ್ಕೆ ಸರಿಸಿ ಗ್ರಿಪ್ (ಕೈಹಿಡಿತ) ದುರ್ಬಲ ಮಾಡುವುದು, ಕ್ಲಬ್ಬನ್ನು ಹಿಂದಕ್ಕೆ ಎತ್ತುವ ಬ್ಯಾಕ್‌ಸ್ವಿಂಗಿನಲ್ಲಿ ಮುಂಗೈ ತಿರುಗಿಸುವುದು, ಅದರ ತುದಿಯಲ್ಲಿ ಎಡ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವುದು. ಮೂರೂ ಸೇರಿ ಫೇಸನ್ನು ತೆರೆದಿಡುತ್ತವೆ. ಎಷ್ಟೇ ಜೋರಾಗಿ ಬೀಸಿದರೂ ಚೆಂಡು ಎಡಕ್ಕೆ ಹುಕ್ ಆಗದು. ಭೌತಶಾಸ್ತ್ರ ಇದನ್ನು ಒಪ್ಪುತ್ತದೆ. ಆದರೆ ಒಂದೇ ಕ್ಯಾಮೆರಾದ ಚಿತ್ರದಲ್ಲಿ ಆಪ್ ಗುರುತಿಸುವುದು ಭುಜ, ಮೊಣಕೈ, ಮಣಿಕಟ್ಟು ಎಂಬ ಚುಕ್ಕಿಗಳನ್ನು. ಮೊಣಕೈಯಿಂದ ಮಣಿಕಟ್ಟಿಗೆ ಎಳೆದ ಗೆರೆ, ಮುಂಗೈ ಎಷ್ಟೇ ತಿರುಗಿದರೂ ಅದೇ ಗೆರೆ. ಹೋಗನ್ ಗುಟ್ಟು ಎಂದು ಹೇಳಿಕೊಂಡದ್ದು ಯಾವುದೋ, ಸರಿಯಾಗಿ ಅದನ್ನೇ ಆಪ್ ಕಾಣಲಾರದು. ನಮ್ಮ ಬಿ.ಎಸ್. ಚಂದ್ರಶೇಖರ್ ಅವರ ಬೌಲಿಂಗಿನ ಕಪ್ಪುಬಿಳುಪು ತುಣುಕು ನೋಡಿ ಗೂಗ್ಲಿಗೆ ಮಣಿಕಟ್ಟು ಎಷ್ಟು ಡಿಗ್ರಿ ತಿರುಗಿತು ಎಂದು ಯಾರಾದರೂ ಅಂಕಿ ಕೊಟ್ಟರೆ ಚಿನ್ನಸ್ವಾಮಿ ಗ್ಯಾಲರಿಯಲ್ಲಿ ನಗುತ್ತಾರೆ.

ಹಾಗಾದರೆ ಹಳೆಯ ಫಿಲ್ಮ್ ದಂಡವೇ? ಅಲ್ಲ. ಲಯ ಸಿಗುತ್ತದೆ. ಕ್ಲಬ್ ಹಿಂದಕ್ಕೆ ಹೊರಟಲ್ಲಿಂದ ತುದಿಯವರೆಗಿನ ಫ್ರೇಮ್ ಎಣಿಸಿ, ತುದಿಯಿಂದ ಚೆಂಡಿನವರೆಗಿನದರಿಂದ ಭಾಗಿಸಿ. ನುರಿತವರಲ್ಲಿ ಸುಮಾರು ಮೂರಕ್ಕೆ ಒಂದು ಬರುತ್ತದೆ. ಫಿಲ್ಮ್ ವೇಗವಾಗಿಯೋ ನಿಧಾನವಾಗಿಯೋ ಓಡುತ್ತಿದ್ದರೂ ಈ ಅನುಪಾತ ಕೆಡುವುದಿಲ್ಲ, ಎರಡೂ ಸಮನಾಗಿ ಹಿಗ್ಗುತ್ತವೆ. ಆದರೆ 18ಕ್ಕೆ 6 ಎಂದು ಎಣಿಸಿದಾಗ ಒಂದು ಫ್ರೇಮ್ ಆಚೀಚೆಯಾದರೂ 2.6ರಿಂದ 3.6ರವರೆಗೆ ಏನೂ ಆಗಬಹುದು. ಜ್ಯಾಕ್ ನಿಕ್ಲಾಸ್ ಎಡ ಹಿಮ್ಮಡಿ ಎತ್ತುತ್ತಿದ್ದದ್ದು, ಬಲ ಮೊಣಕೈ ದೇಹದಿಂದ ದೂರ ಹಾರುತ್ತಿದ್ದದ್ದು, ಲೀ ಟ್ರೆವಿನೊ ಗುರಿಯ ಎಡಕ್ಕೆ ತಿರುಗಿ ನಿಲ್ಲುತ್ತಿದ್ದದ್ದು ಯಾರ ಕಣ್ಣಿಗೂ ಕಾಣುತ್ತದೆ. ಡಿಗ್ರಿಗಳನ್ನು ಮಾತ್ರ ಕೇಳಬೇಡಿ. ಕ್ಯಾಮೆರಾ ಗುರಿರೇಖೆಯಿಂದ ಹತ್ತು ಡಿಗ್ರಿ ಓರೆಯಾಗಿದ್ದರೂ ಗುರಿಗೆ ನೇರ ಇದ್ದ ಶಾಫ್ಟ್ ಅಷ್ಟೇ ಓರೆಯಾಗಿ ಕಾಣುತ್ತದೆ, ಸುದ್ದಿಚಿತ್ರದವರು ಜನರ ನಡುವೆ ಜಾಗ ಸಿಕ್ಕಲ್ಲಿ ನಿಂತು ತೆಗೆದವರು.

ನಿಮ್ಮ ಸ್ವಂತ ಸ್ವಿಂಗಿಗಾದರೆ ಈ ಕೊರತೆಗಳಲ್ಲಿ ಅರ್ಧವನ್ನು ನೀಗಿಸಬಹುದು. ಫೋನನ್ನು ಕೈಯಲ್ಲಿ ಹಿಡಿಸಬೇಡಿ, ಸ್ಟ್ಯಾಂಡಿಗೆ ಹಾಕಿ. ಎತ್ತರ ನಿಮ್ಮ ಕೈಗಳ ಮಟ್ಟಕ್ಕೆ, ದೂರ ನಾಲ್ಕು ಮೀಟರ್. ಹಿಂದಿನಿಂದ ತೆಗೆಯುವಾಗ ನೆಲದ ಮೇಲೆ ಗುರಿಯತ್ತ ಕೋಲೊಂದನ್ನಿಟ್ಟು ಲೆನ್ಸನ್ನು ಅದಕ್ಕೆ ಸಮಾನಾಂತರ ಮಾಡಿ. ಸೆಕೆಂಡಿಗೆ 240 ಫ್ರೇಮ್, ಶಟರ್ 1/1000ಕ್ಕಿಂತ ಚುರುಕು. ಮೋಡ ಕವಿದ ಆಷಾಢದ ಬೆಳಗಿನಲ್ಲಿ ಅಷ್ಟು ಬೆಳಕು ಇರುವುದಿಲ್ಲ, ಹತ್ತು ಗಂಟೆ ಕಳೆಯಲಿ. ಸೆಕೆಂಡಿಗೆ 40 ಮೀಟರ್ ವೇಗದ ಸ್ವಿಂಗಿನಲ್ಲಿ ಇಷ್ಟಾದರೂ ಎರಡು ಫ್ರೇಮಿನ ನಡುವೆ ಕ್ಲಬ್‌ಹೆಡ್ 17 ಸೆಂಟಿಮೀಟರ್ ಸರಿದಿರುತ್ತದೆ, ಚೆಂಡಿಗೆ ತಾಗುವ ಕ್ಷಣ ಸಿಗುವುದು ಅದೃಷ್ಟ. ಇನ್ನು, ಶಾಫ್ಟ್ ಬಿಲ್ಲಿನಂತೆ ಬಾಗಿ ಕಂಡರೆ ಹಿಗ್ಗಬೇಡಿ: ಫೋನಿನ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ, ಓದಿ ಮುಗಿಸುವಷ್ಟರಲ್ಲಿ ಕ್ಲಬ್ ಮುಂದೆ ಹೋಗಿರುತ್ತದೆ. ಆ ಬಾಗು ಬಹುಪಾಲು ಕ್ಯಾಮೆರಾದ್ದು.

ನಾನು ಇಷ್ಟು ಉದ್ದ ಬರೆಯಲು ಕಾರಣ, ರೇಂಜಿಗೆ ಬರುವ ಹೊಸಬರಲ್ಲಿ ಬಹುಪಾಲು ಜನರ ಕಾಯಿಲೆ ಹುಕ್ ಅಲ್ಲ, ಚೆಂಡು ಬಲಕ್ಕೆ ಬಾಗುವ ಸ್ಲೈಸ್. ಹೋಗನ್ ಮಾಡಿಕೊಂಡದ್ದು ಹುಕ್‌ಗೆ ಮದ್ದು. ಆಪ್ ನೋಡಿಕೊಂಡು ಎಡ ಮಣಿಕಟ್ಟು ಬಾಗಿಸಿ ಗ್ರಿಪ್ ದುರ್ಬಲ ಮಾಡಿದ ಸ್ಲೈಸ್ ಆಟಗಾರನ ಚೆಂಡು ಇನ್ನಷ್ಟು ಬಲಕ್ಕೆ ಹಾರುತ್ತದೆ, ಹೋಲಿಕೆಯ ಶೇಕಡಾವಾರು ಮಾತ್ರ ಏರುತ್ತದೆ. ಅವನಿಗೆ ಬೇಕಾದದ್ದು ತದ್ವಿರುದ್ಧ: ಮೇಲಿನಿಂದ ನೋಡಿದಾಗ ಎಡಗೈಯ ಎರಡರಿಂದ ಮೂರು ಗೆಣ್ಣು ಕಾಣುವಷ್ಟು ಗ್ರಿಪ್ ಬಲಕ್ಕೆ ತಿರುಗಲಿ, ಹೆಬ್ಬೆರಳು ತೋರುಬೆರಳ ನಡುವಿನ ಗೆರೆ ಬಲ ಭುಜದತ್ತ ಇರಲಿ, ತುದಿಯಲ್ಲಿ ಎಡ ಮಣಿಕಟ್ಟು ಚಪ್ಪಟೆಯಾಗಿರಲಿ. ಆಪ್ ತಯಾರಕರು ತಾವು ತೋರಿಸುವ ಪ್ರತಿ ಡಿಗ್ರಿಯ ಪಕ್ಕದಲ್ಲಿ ಹೆಚ್ಚುಕಡಿಮೆ ಎಷ್ಟು ಎಂಬುದನ್ನೂ ಅಚ್ಚು ಹಾಕಲಿ. ಹೋಗನ್ ಮುಂಗೈಯ ತಿರುವಿನ ಜಾಗವನ್ನು ಖಾಲಿ ಬಿಡಲಿ.

— ಗಾಲ್ಫ್ ತರಬೇತುದಾರ, ದೊಮ್ಮಲೂರು, ಬೆಂಗಳೂರು