ಆ ಏಳನೆಯ ಗಂಟೆಯನ್ನು ಉಳಿಸಿ: ಮೇಯರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ,

ನಮಸ್ಕಾರಗಳು. ನಗರದ ಮ್ಯಾರಥಾನ್‌ನ ಕಾಲಮಿತಿಯನ್ನು ಮುಂದಿನ ವರ್ಷದಿಂದ ಏಳು ಗಂಟೆಯಿಂದ ಆರಕ್ಕೆ ಇಳಿಸುವ ಪ್ರಸ್ತಾವ ತಮ್ಮ ಮೇಜಿನ ಮೇಲಿದೆ ಎಂದು ತಿಳಿಯಿತು. ರಸ್ತೆಗಳನ್ನು ಬೇಗ ಬಿಟ್ಟುಕೊಡಬೇಕು ಎಂಬುದು ಅದಕ್ಕೆ ಕೊಟ್ಟಿರುವ ಕಾರಣ. ಕಾರಣ ಸಣ್ಣದಲ್ಲ. ಮನೆ ಮುಂದಿನ ರಸ್ತೆ ಅರ್ಧ ದಿನ ಮುಚ್ಚಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಆ ಕೊನೆಯ ಗಂಟೆಯಲ್ಲಿ ರಸ್ತೆಯ ಮೇಲೆ ಇರುವವರು ಯಾರು ಎಂದು ತಮಗೆ ಯಾರೂ ಹೇಳಿದಂತಿಲ್ಲ.

ಮೊದಲ ಸಲ ಬಂದು ಏದುಸಿರು ಬಿಡುವವರು ಅಲ್ಲಿ ಇದ್ದೇ ಇರುತ್ತಾರೆ. ಅವರ ಜೊತೆಗೆ, ನಾನು ಕಂಡಂತೆ, ಈ ಓಟವನ್ನು ಒಂದು ವರ್ಷವೂ ತಪ್ಪಿಸದೆ ಓಡಿಕೊಂಡು ಬಂದ ಹಿರಿಯರು ಇರುತ್ತಾರೆ. ಒಂದು ಕಾಲಕ್ಕೆ ನಾಲ್ಕು ಗಂಟೆಯೊಳಗೆ ಮುಗಿಸುತ್ತಿದ್ದವರು ಐದಕ್ಕೆ ಬಂದರು, ಈಗ ಆರು ದಾಟಿದ್ದಾರೆ. ನಾನೂ ಅದೇ ದಾರಿಯಲ್ಲಿದ್ದೇನೆ. ವಯಸ್ಸಾದಂತೆ ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯ ಇಳಿಯುತ್ತದೆ. ಎಷ್ಟು ಅಭ್ಯಾಸ ಮಾಡಿದರೂ ಆ ಇಳಿತವನ್ನು ನಿಧಾನಗೊಳಿಸಬಹುದೇ ಹೊರತು ನಿಲ್ಲಿಸಲಾಗದು.

ಒಂದೇ ಓಟಕ್ಕೆ ವರ್ಷ ವರ್ಷವೂ ಬರುವುದೇಕೆ ಎಂದು ಕೇಳುವವರಿದ್ದಾರೆ. ಬೇರೆ ಊರುಗಳಲ್ಲಿ ಓಡಿದರೆ ಹೊಸ ನೋಟ ಸಿಗುತ್ತದೆ. ಇಲ್ಲಿ ಓಡಿದರೆ ನಮ್ಮ ಲೆಕ್ಕ ಸಿಗುತ್ತದೆ. ಮೂವತ್ತನೆಯ ಕಿಲೋಮೀಟರ್ ಕಳೆದ ಮೇಲೆ ಬರುವ ಮೇಲ್ಸೇತುವೆಯನ್ನೇ ನೋಡಿ. ಕಾರಿನಲ್ಲಿ ಹೋಗುವವರಿಗೆ ಅದೊಂದು ಏರು ಎಂದೇ ಅನಿಸುವುದಿಲ್ಲ. ಸ್ನಾಯುಗಳಲ್ಲಿ ಕೂಡಿಟ್ಟ ಇಂಧನವಾದ ಗ್ಲೈಕೋಜನ್ ಬರಿದಾಗುವ ಹೊತ್ತಿಗೆ ಅದು ಎದುರಾಗುವುದರಿಂದ ನಮಗೆ ಮಾತ್ರ ಅದು ಬೆಟ್ಟ. ಅದನ್ನು ಹತ್ತುವಾಗ ಹೋದ ವರ್ಷಕ್ಕಿಂತ ಎಷ್ಟು ಬೇಗ ನಡಿಗೆಗೆ ಇಳಿದೆ ಎನ್ನುವುದು ಯಾವ ವೈದ್ಯಕೀಯ ತಪಾಸಣೆಗಿಂತಲೂ ಚೆನ್ನಾಗಿ ನನ್ನ ಸ್ಥಿತಿಯನ್ನು ಹೇಳುತ್ತದೆ.

ಈಗ ಕಾಲಮಿತಿಯ ವಿಚಾರ. 42.195 ಕಿಲೋಮೀಟರನ್ನು ಏಳು ಗಂಟೆಯಲ್ಲಿ ಮುಗಿಸಲು ಪ್ರತಿ ಕಿಲೋಮೀಟರಿಗೆ ಹತ್ತಿರ ಹತ್ತಿರ 10 ನಿಮಿಷ ಸಿಗುತ್ತದೆ. ಆರು ಗಂಟೆಯಾದರೆ ಎಂಟೂವರೆ ನಿಮಿಷ. ಕಾಗದದ ಮೇಲೆ ಒಂದೂವರೆ ನಿಮಿಷದ ವ್ಯತ್ಯಾಸ. ಕಾಲಿಗೆ ಅದು ಓಟದ ನಡುವೆ ನಡೆಯಬಹುದೋ ಇಲ್ಲವೋ ಎಂಬ ವ್ಯತ್ಯಾಸ. ಇನ್ನೊಂದು ಸಂಗತಿಯಿದೆ. ಪದಕಕ್ಕೆ ಲೆಕ್ಕವಾಗುವ ಸಮಯವನ್ನು ಬಿಬ್‌ನ, ಅಂದರೆ ಎದೆಗೆ ಸಿಕ್ಕಿಸಿದ ಸಂಖ್ಯೆಯ ಚೀಟಿಯ, ಚಿಪ್ ನಾವು ಆರಂಭದ ಗೆರೆ ದಾಟಿದಾಗಿನಿಂದ ಅಳೆಯುತ್ತದೆ, ರಸ್ತೆ ಮುಚ್ಚುವ ಸಮಯವನ್ನು ಆರಂಭದ ಪಿಸ್ತೂಲಿನ ಸದ್ದು ನಿರ್ಧರಿಸುತ್ತದೆ. ಹಿಂದಿನ ಸಾಲಿನಲ್ಲಿ ನಿಂತವರು ಆರಂಭದ ಗೆರೆ ತಲುಪುವಷ್ಟರಲ್ಲೇ ಹಲವು ನಿಮಿಷಗಳು ಹೋಗಿರುತ್ತವೆ. ಆ ನಿಮಿಷಗಳು ಯಾರ ಖಾತೆಯಿಂದ ಹೋಗುತ್ತವೆ ಎಂದು ಬೇರೆ ಹೇಳಬೇಕಿಲ್ಲ.

ಈಗಿನ ಏಳು ಗಂಟೆಯೂ ಪೂರ್ತಿ ಸಿಗುತ್ತಿಲ್ಲ ಎಂಬುದೂ ತಮಗೆ ಗೊತ್ತಿರಲಿ. ಕಳೆದ ಸಲ ಮೂವತ್ತೈದರ ಆಚೆಗಿನ ನೀರಿನ ಮೇಜಿಗೆ ನಾನು ಬಂದಾಗ ಮೇಜಿನ ಕಾಲುಗಳನ್ನು ಮಡಚುತ್ತಿದ್ದರು. ರಸ್ತೆ ತುಂಬ ತುಳಿದು ಚಪ್ಪಟೆಯಾದ ಕಾಗದದ ಲೋಟಗಳು, ಕುಡಿಯಲು ಒಂದು ತೊಟ್ಟಿಲ್ಲ. ಒಬ್ಬ ಸ್ವಯಂಸೇವಕಿ, ಬಹುಶಃ ಕಾಲೇಜಿನ ಹುಡುಗಿ, ತನ್ನ ಬಾಟಲಿಯನ್ನೇ ಕೊಟ್ಟಳು. ಮುಂದಿನ ಕಿಲೋಮೀಟರ್ ಫಲಕವನ್ನು ಆಗಲೇ ಕಿತ್ತು ಲಾರಿಗೆ ಹಾಕಿದ್ದರು. ಹೆಚ್ಚು ಹೊತ್ತು ಬಿಸಿಲಿನಲ್ಲಿರುವವರು, ಬಳಲಿಕೆಯಿಂದ ಬೀಳುವವರು, ಅಥವಾ ಅತಿಯಾಗಿ ನೀರು ಕುಡಿದು ರಕ್ತದಲ್ಲಿ ಸೋಡಿಯಂ ಕುಸಿದು ಅಪಾಯಕ್ಕೆ ಸಿಲುಕುವವರು ಈ ಹಿಂದಿನ ಸಾಲಿನಲ್ಲೇ ಹೆಚ್ಚು. ವೈದ್ಯರು ಕೊನೆಗೆ ಹೊರಡಬೇಕು, ಮೊದಲಲ್ಲ.

ವೇಗಕ್ಕೆ ಹೆಸರಾದ ಬಾಸ್ಟನ್ ಮ್ಯಾರಥಾನ್ ಕೂಡ ವಯಸ್ಸಿಗೆ ಬೆಲೆ ಕೊಡುತ್ತದೆ. ಅರ್ಹತೆ ಪಡೆಯಲು 80 ದಾಟಿದವರಿಗೆ ಅಲ್ಲಿ 35ರ ಒಳಗಿನವರಿಗಿಂತ ಸುಮಾರು ಎರಡು ಗಂಟೆ ಹೆಚ್ಚು ಸಮಯವಿದೆ. 1935 ಮತ್ತು 1945ರಲ್ಲಿ ಅಲ್ಲಿ ಗೆದ್ದ ಜಾನ್ ಕೆಲ್ಲಿ 1992ರಲ್ಲಿ, ತಮ್ಮ 84ನೆಯ ವಯಸ್ಸಿನಲ್ಲಿ, ಅದೇ ಓಟವನ್ನು ಕೊನೆಯ ಬಾರಿಗೆ ಪೂರ್ತಿ ಓಡಿದರು. ಅಷ್ಟರಲ್ಲಿ 61 ಸಲ ಆರಂಭದ ಗೆರೆಯಲ್ಲಿ ನಿಂತಿದ್ದರು. ಬಾಸ್ಟನ್ನಿನ ಜನ ಅವರನ್ನು ಎರಡು ಗೆಲುವುಗಳಿಗಷ್ಟೇ ನೆನೆಯುವುದಿಲ್ಲ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟವನ್ನು ಹತ್ತು ಸಲ ಮುಗಿಸಿದವರಿಗೆ ಅವರ ಓಟದ ಸಂಖ್ಯೆಯನ್ನು ಶಾಶ್ವತವಾಗಿ ಬಿಟ್ಟುಕೊಡುತ್ತಾರೆ. ನಮ್ಮಲ್ಲಿ ಅಂಥವರಿಗೆ ಸಂಖ್ಯೆ ಬೇಡ, ಸಮಯ ಕೊಟ್ಟರೆ ಸಾಕು.

ಕಾಲಮಿತಿಯೇ ಬೇಡ ಎನ್ನುವಷ್ಟು ಮೊಂಡಳಲ್ಲ ನಾನು. ದಾರಿಯುದ್ದಕ್ಕೂ ಏಳು ಗಂಟೆ ರಸ್ತೆ ಮುಚ್ಚಿಡಬೇಕಾದ ಅಗತ್ಯವೂ ಇಲ್ಲ. ಕೊನೆಯ ಓಟಗಾರರ ಹಿಂದೆ ಬರುವ ವಾಹನ ದಾಟುತ್ತಿದ್ದಂತೆ ಹಿಂದಿನ ರಸ್ತೆಯನ್ನು ಹಂತ ಹಂತವಾಗಿ ತೆರೆಯಬಹುದು. ಆಗ ಏಳನೆಯ ಗಂಟೆಯ ಹೊರೆ ಬೀಳುವುದು ಕೊನೆಯ ಕೆಲವೇ ಕಿಲೋಮೀಟರುಗಳ ಮೇಲೆ, ಅಲ್ಲಿಯೂ ಒಂದೇ ಪಥ ಸಾಕು. ಓಟವನ್ನು ಒಂದು ಗಂಟೆ ಮೊದಲೇ ಆರಂಭಿಸಿದರೆ ಬಿಸಿಲೂ ತಪ್ಪುತ್ತದೆ, ಸಂಚಾರವೂ ಬೇಗ ಸರಾಗವಾಗುತ್ತದೆ. ಗಡಿಯಾರವನ್ನು ಕೊನೆಯವರು ಆರಂಭದ ಗೆರೆ ದಾಟಿದಾಗಿನಿಂದ ಎಣಿಸಲಿ.

ನೋಂದಣಿ ತೆರೆಯುವ ಮೊದಲು ಸಂಚಾರ ಪೊಲೀಸರನ್ನೂ ಆಯೋಜಕರನ್ನೂ ಒಟ್ಟಿಗೆ ಕೂರಿಸಿ ಈ ಮೂರನ್ನು ಚರ್ಚಿಸಬೇಕೆಂದು ಕೋರುತ್ತೇನೆ. ಆ ಸಭೆಗೆ ಹಿಂದಿನ ಸಾಲಿನಿಂದಲೂ ಒಬ್ಬರನ್ನು ಕರೆಯಿರಿ. ಸಭೆಗಾದರೆ ನಾವು ಹೊತ್ತಿಗೆ ಸರಿಯಾಗಿ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಹಿಂದಿನ ಸಾಲಿನ ಓಟಗಾರ್ತಿ