ಗೇಟು ತೆರೆದವರಿಗೆ ಮೊದಲ ನಮಸ್ಕಾರ

ಸವಾರಿ ಮುಗಿಸಿದೆಯಾ ಅಂತ ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡ್ತಿದ್ದೇನೆ. ಹೌದು, ಸೈಕಲ್ ಸವಾರಿ ಮುಗಿಸಿದೆ. ಮಡಿಕೇರಿಯಿಂದ ಹೊರಟು ಮೂರ್ನಾಡು, ನಾಪೋಕ್ಲು, ಕಕ್ಕಬ್ಬೆ, ಭಾಗಮಂಡಲ ಸುತ್ತಿ ಮತ್ತೆ ಮಡಿಕೇರಿ. ಅಲ್ಲಲ್ಲಿ ಡಾಂಬರು, ಉಳಿದದ್ದು ತೋಟದ ಮಣ್ಣುದಾರಿ, ಜೀಪು ಮಾತ್ರ ಹತ್ತುವ ಕಲ್ಲುದಾರಿ, ಒಂದಿಷ್ಟು ದೂರ ಸೈಕಲ್ ಹೆಗಲಿಗೇರಿಸಿ ನಡೆದದ್ದು. ಬಹುಮಾನ ಗೀನು ಏನೂ ಇಲ್ಲ. ಗಡುವು ಮುಗಿಯುವ ಸ್ವಲ್ಪ ಮೊದಲು ಬಂದು ಮುಟ್ಟಿದೆ, ಅಷ್ಟೇ. ಮಂಡಿ ನೋವು ಅಂತ ಕಳೆದ ವರ್ಷವಿಡೀ ಮೆಟ್ಟಿಲು ಹತ್ತಲು ಕಷ್ಟಪಟ್ಟ ನನಗೆ ಅದೇ ಜಾಸ್ತಿ.

ಇನ್ನು ಧನ್ಯವಾದ ಹೇಳುವ ಕೆಲಸ. ಸಾಮಾನ್ಯವಾಗಿ ಮನೆಯವರಿಂದ ಶುರು ಮಾಡ್ತಾರೆ. ನಾನು ತೋಟದವರಿಂದ ಶುರು ಮಾಡ್ತೇನೆ.

ಹೊರಗಿನಿಂದ ಬಂದ ಸವಾರರಿಗೆ ಇದು ಗೊತ್ತಿರಲಿಕ್ಕಿಲ್ಲ. ಕೊಡಗಿನಲ್ಲಿ ಚಂದದ ಮಣ್ಣುದಾರಿ ಅಂತ ಫೋಟೊ ತೆಗೆಯುತ್ತೀರಲ್ಲ, ಅದರಲ್ಲಿ ಹೆಚ್ಚಿನವು ಯಾರದೋ ಕಾಫಿ ತೋಟದ ಒಳದಾರಿ. ಗೇಟಿಗೆ ಬೀಗ ಇರುತ್ತದೆ. ಒಳಗೆ ಕರಿಮೆಣಸು ಬಳ್ಳಿ, ಕಣದಲ್ಲಿ ಒಣಗುವ ಕಾಫಿ, ಅಂದರೆ ಒಂದು ವರ್ಷದ ಸಂಪಾದನೆ ಬಯಲಲ್ಲೇ ಬಿದ್ದಿರುತ್ತದೆ. ಅಂಥ ಜಾಗಕ್ಕೆ ಗುರುತು ಪರಿಚಯ ಇಲ್ಲದವರನ್ನು ಸಾಲುಸಾಲಾಗಿ ಬಿಡುವುದು ಸಣ್ಣ ಮಾತಲ್ಲ. ಅದೂ ಫೆಬ್ರವರಿ ಕೊನೆಯಲ್ಲಿ, ರೊಬಸ್ಟಾ ಕಾಫಿಯ ಕೊಯ್ಲು ಇನ್ನೂ ಪೂರ್ತಿ ಮುಗಿಯದೆ, ಇನ್ನೊಂದು ಕಡೆ ಹೂವಿಗೆ ನೀರು ಹಾಯಿಸುವ ಗಡಿಬಿಡಿ ಶುರುವಾದಾಗ.

ನೀರು ಹಾಯಿಸುವುದು ಅಂದೆನಲ್ಲ, ಅದರ ಕಥೆಯೇ ಬೇರೆ. ನಾಪೋಕ್ಲು ದಾಟಿದ ಮೇಲೆ ಒಂದು ತೋಟದಲ್ಲಿ ಕೆರೆಯಿಂದ ಪಂಪ್ ಮಾಡಿ ಸ್ಪ್ರಿಂಕ್ಲರ್ ಬಿಟ್ಟಿದ್ದರು. ದಾರಿ ಪೂರ್ತಿ ಒಣ ಧೂಳು, ಚಕ್ರ ಚೆನ್ನಾಗಿ ಹಿಡಿಯುತ್ತಿತ್ತು. ತಿರುವಿನಲ್ಲಿ ನೀರಿನ ಬಾಣ ಸುತ್ತಿ ಬಂದು ದಾರಿಯ ಮೇಲೆ ಬೀಳುವ ಜಾಗ ಮಾತ್ರ ಕೆಂಪು ಕೆಸರು. ಮುಂದಿನ ಹುಡುಗ ಜಾರಿ ಸೀದಾ ಕಾಫಿ ಗಿಡದೊಳಗೆ ಹೋದ. ತೋಟದ ರೈಟರ್, ಅಂದರೆ ಕೆಲಸ ನೋಡಿಕೊಳ್ಳುವವರು, ಓಡಿ ಬಂದು ಮೊದಲು ಅವನನ್ನು ನೋಡಿದರು, ಆಮೇಲೆ ಗಿಡ ನೋಡಿದರು, ಆಮೇಲೆ ಪಂಪ್ ಆಫ್ ಮಾಡಿಸಿದರು. ನಾವೆಲ್ಲ ದಾಟುವ ತನಕ ಪಂಪ್ ನಿಂತೇ ಇತ್ತು. ಸರ್, ನಿಮಗೆ ದೊಡ್ಡ ನಮಸ್ಕಾರ. ಮೊಗ್ಗಿಗೆ ಬೇಕಾದ ನೀರನ್ನು ನಮಗಾಗಿ ನಿಲ್ಲಿಸಿದಿರಿ. ಹೂ ಚೆನ್ನಾಗಿ ಬರಲಿ.

ಅರಣ್ಯ ಇಲಾಖೆಯ ಸಿಬ್ಬಂದಿಗೂ ಇಲ್ಲೇ ಧನ್ಯವಾದ. ರಾತ್ರಿ ಆನೆ ಓಡಾಡಿದ್ದ ಕಾರಣ ಬೆಳಕು ಹರಿಯುವ ತನಕ ಯಾರನ್ನೂ ಬಿಡಲಿಲ್ಲ, ಒಂದು ಕಡೆ ದಾರಿಯನ್ನೇ ಬದಲಿಸಿದರು. ಕೆಲವರು ಗೊಣಗಿದರು. ಆನೆ ಎದುರಿಗೆ ಬಂದಿದ್ದರೆ ಗೊಣಗಲು ಪುರುಸೊತ್ತು ಸಿಗುತ್ತಿತ್ತಾ?

ಕಕ್ಕಬ್ಬೆಯಿಂದ ಮೇಲಕ್ಕೆ ನಾಲ್ಕುನಾಡು ಅರಮನೆ ಕಡೆ ಹೋಗುವಾಗ ಉಸಿರು ಸಿಗಲಿಲ್ಲ. 1790ರ ದಶಕದಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಈ ಜಾಗ ಯಾಕೆ ಆರಿಸಿಕೊಂಡ ಅಂತ ಪೆಡಲ್ ತುಳಿಯುವವರಿಗೆ ಬೇಗ ಅರ್ಥವಾಗುತ್ತದೆ. ಶತ್ರು ಹತ್ತಿ ಬರುವಷ್ಟರಲ್ಲಿ ಸುಸ್ತಾಗಬೇಕು, ಅಷ್ಟೇ ಪ್ಲಾನು. ಎದುರಿಗೆ ತಡಿಯಂಡಮೋಳ್, 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಅದರ ತುದಿಗೆ ನಮ್ಮನ್ನು ಕಳಿಸಲಿಲ್ಲ, ಪುಣ್ಯ.

ಅಲ್ಲಿಂದ ಇಳಿದು ಭಾಗಮಂಡಲದ ಕಡೆ ತಿರುಗಿದ ಮೇಲೆ ಒಂದು ತೋಟದೊಳಗೆ ನನ್ನ ಸೈಕಲ್ ಕೈ ಕೊಟ್ಟಿತು. ಕೊಯ್ಲು ಮುಗಿದು ಗಿಡ ಸವರಿದ್ದರು, ಕಡಿದ ಕೊಂಬೆಗಳು ದಾರಿಯಲ್ಲಿದ್ದವು. ಅದರಲ್ಲೊಂದು ಬೆರಳು ದಪ್ಪದ ಕಡ್ಡಿ ಹಿಂದಿನ ಚಕ್ರಕ್ಕೆ ಸಿಕ್ಕಿ ಗೇರ್ ಬದಲಿಸುವ ಡಿರೇಲರ್ ಅನ್ನು ಎಳೆದುಕೊಂಡು ಹೋಯಿತು. ಟಪ್ ಅಂತ ಸದ್ದು. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿದಿತ್ತು. ಅದು ಮುರಿಯಲೆಂದೇ ಮಾಡಿದ ತುಂಡು. ಮೆತ್ತನೆ ಅಲ್ಯುಮಿನಿಯಂ, ಅದು ಹೋದರೆ ಫ್ರೇಮ್ ಉಳಿಯುತ್ತದೆ. ಲೆಕ್ಕಾಚಾರ ಸರಿಯೇ. ಆದರೆ ಮಡಿಕೇರಿಗೆ ಇನ್ನೂ 40 ಕಿಲೋಮೀಟರಿಗಿಂತ ಜಾಸ್ತಿ ಇದ್ದಾಗ ಯಾರಿಗೆ ಸಮಾಧಾನ ಆಗುತ್ತದೆ!

ಹಿಂದಿನಿಂದ ಬಂದ ಒಬ್ಬರು ನಿಂತರು. ಮೈಸೂರಿನವರು ಅಂದರು, ಹೆಸರು ಕೇಳುವಷ್ಟು ಹೊತ್ತೂ ಸಿಗಲಿಲ್ಲ. ಚೀಲದಿಂದ ಚೈನು ಬಿಚ್ಚುವ ಚೈನ್ ಟೂಲ್ ತೆಗೆದರು. ತೋಟದ ಕೆಲಸಗಾರರು ಇರುವ ಲೈನ್‌ಮನೆಯ ಅಕ್ಕ ಒಬ್ಬರು ಕೆಲಸ ಬಿಟ್ಟು ಬಂದು ಸೈಕಲ್ಲಿನ ಹಿಂಭಾಗವನ್ನು ಎತ್ತಿ ಹಿಡಿದರು. ಮುರಿದ ಡಿರೇಲರ್ ಬಿಚ್ಚಿ ತಂತಿಯಲ್ಲಿ ಕಟ್ಟಿದ್ದಾಯಿತು. ಚೈನು ನೇರವಾಗಿ ಕೂರುವ ಮಧ್ಯದ ಹಲ್ಲುಚಕ್ರ ಆರಿಸಿ, ಹೆಚ್ಚಿಗೆ ಉದ್ದವನ್ನು ಕತ್ತರಿಸಿ, ತಮ್ಮದೇ ಒಂದು ಜೋಡಣೆ ಲಿಂಕ್ ಹಾಕಿ ಬಿಗಿದರು. ಕೈ ಪೂರ್ತಿ ಗ್ರೀಸು. ಅಕ್ಕ ಒಂದು ತಿರುವು ತಿರುಗಿಸಿ ನೋಡಿ, "ಹೋಗ್ತದೆ, ಹೋಗ್ತದೆ" ಅಂದರು. ಆಮೇಲೆ ಒಳಗೆ ಹೋಗಿ ಇಬ್ಬರಿಗೂ ಬೆಲ್ಲದ ಕಾಫಿ ತಂದರು. ಹಾಲಿಲ್ಲ, ಕಪ್ಪು, ಬಿಸಿ ಬಿಸಿ. ಶಕ್ತಿಗೆ ಅಂತ ಜೇಬಿನಲ್ಲಿದ್ದ ದುಬಾರಿ ಎನರ್ಜಿ ಜೆಲ್ ಪ್ಯಾಕೆಟನ್ನು ನಾನು ಆ ದಿನ ಮತ್ತೆ ಮುಟ್ಟಲಿಲ್ಲ.

ಹೀಗೆ ಒಂದೇ ಗೇರಿನ ಸೈಕಲ್ ಆಯಿತು. ಇಳಿಜಾರಿನಲ್ಲಿ ಕಾಲಿಗೆ ಕೆಲಸ ಇಲ್ಲ, ಏರಿನಲ್ಲಿ ಮಂಡಿಗೆ ಪರೀಕ್ಷೆ. ಚೈನು ಆಗಾಗ ಪಕ್ಕದ ಹಲ್ಲುಚಕ್ರಕ್ಕೆ ಹತ್ತಲು ನೋಡುತ್ತಿತ್ತು, ಕಟಕಟ ಅನ್ನುತ್ತಿತ್ತು. ಭಾಗಮಂಡಲದಲ್ಲಿ ಉಪ್ಪು ಹಾಕಿದ ಗಂಜಿ, ಮಾವಿನ ಉಪ್ಪಿನಕಾಯಿ ಇಟ್ಟುಕೊಂಡು ಕಾದಿದ್ದ ಅಮ್ಮಂದಿರೇ, ನಿಮ್ಮ ಆ ಒಂದು ಲೋಟ ಇಲ್ಲದಿದ್ದರೆ ಕಾಲಿನ ಸೆಳೆತ ಬಿಡುತ್ತಿರಲಿಲ್ಲ. ಅಲ್ಲಿಂದ ತಲಕಾವೇರಿಗೆ 8 ಕಿಲೋಮೀಟರ್ ಏರು ಇದೆ, ಅದು ನಮ್ಮ ಮಾರ್ಗದಲ್ಲಿ ಇರಲಿಲ್ಲ. ಕಾವೇರಮ್ಮನಿಗೆ ಕೆಳಗಿನಿಂದಲೇ ಕೈಮುಗಿದು ಹೊರಟೆ. ಚೇರಂಬಾಣೆ, ಬೆಟ್ಟಗೇರಿ ದಾಟಿ ಮಡಿಕೇರಿ ಏರು ಸಿಕ್ಕಾಗ ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ನಿಧಾನಕ್ಕೆ ಹಿಂದೆ ಬರುತ್ತಿದ್ದ ಜೀಪಿನ ಡ್ರೈವರಣ್ಣ ಒಮ್ಮೆಯೂ "ಹತ್ತಿ ಬಿಡಿ" ಅನ್ನಲಿಲ್ಲ. ಹಳೇ ಹಾಡು ಹಾಕಿಕೊಂಡು ಸುಮ್ನೆ ಬಂದರು. ಅದಕ್ಕೇ ಮುಗಿಸಿದೆ ಅನಿಸುತ್ತದೆ.

ಮನೆಯವರಿಗೆ, ಮಂಡಿಗೆ ವ್ಯಾಯಾಮ ಹೇಳಿಕೊಟ್ಟ ಫಿಸಿಯೋ ಮೇಡಂಗೆ, ಬೆಳಗಿನ ಜಾವ ಜೊತೆಗೆ ಅಭ್ಯಾಸಕ್ಕೆ ಬಂದ ಗೆಳತಿಯರಿಗೆ ಎದುರಿಗೇ ಹೇಳಿದ್ದೇನೆ, ಇಲ್ಲಿ ಮತ್ತೆ ಬೇಡ.

ಒಂದು ಬೇಸರದ ವಿಷಯವೂ ಇದೆ. ಮಾರನೇ ದಿನ ಅದೇ ಅಕ್ಕನನ್ನು ಮಾತಾಡಿಸಲು ಹೋದಾಗ ತೋಟದ ದಾರಿಯುದ್ದಕ್ಕೂ ಜೆಲ್ ಕವರು, ನೀರಿನ ಬಾಟಲಿ ಮುಚ್ಚಳ. ಕಣದ ಅಂಚಿನಲ್ಲಿ ಒಣಹಾಕಿದ್ದ ಕಾಫಿ ಮೇಲೆ ಚಕ್ರದ ಗುರುತು. ಯಾರೋ ಸುತ್ತಿ ಹೋಗಲು ಸೋಮಾರಿತನ ಮಾಡಿದ್ದಾರೆ. ತೋಟದವರು ಒಂದು ಮಾತೂ ಆಡಲಿಲ್ಲ. ಅದು ಅವರ ದೊಡ್ಡತನ. ಆದರೆ ಮುಂದಿನ ವರ್ಷ ಬೀಗ ತೆಗೆಯದಿದ್ದರೆ ನಾವು ಏನು ಹೇಳೋಣ?

ಅದಕ್ಕೆ ಬರುವ ಭಾನುವಾರ ಬೆಳಿಗ್ಗೆ ನಾವು ಕೆಲವರು ಆ ದಾರಿಯಲ್ಲಿ ಕಸ ಹೆಕ್ಕಲು ಹೋಗುತ್ತಿದ್ದೇವೆ. ತೋಟದವರನ್ನು ಕೇಳಿ ಒಪ್ಪಿಗೆ ತೆಗೆದುಕೊಂಡಾಗಿದೆ. ಸವಾರಿಯಲ್ಲಿ ಇದ್ದವರು ದಯವಿಟ್ಟು ಬನ್ನಿ, ಒಂದು ಗೋಣಿಚೀಲ, ಕುಡಿಯಲು ನೀರು ತನ್ನಿ. ಮೈಸೂರಿನ ಸರ್ ಇದನ್ನು ಓದಿದರೆ ನೀವೂ ಬನ್ನಿ. ನಿಮ್ಮ ಲಿಂಕಿಗೆ ಬದಲಾಗಿ ಹೊಸದೊಂದು ತಂದಿಟ್ಟಿದ್ದೇನೆ.